ಗೇರುಮರದ ನೆತ್ತಿಗೆ ಯೂರಿಯಾ ನೀರು: ದೋಟಿ ಸ್ಪ್ರೇಯರ್ ಕಟ್ಟಿದ ಲೆಕ್ಕ

ಬೇಕಾಗಿದ್ದದ್ದು ಇಷ್ಟೇ. 18 ಅಡಿ ಎತ್ತರದ ಗೇರುಮರದ ನೆತ್ತಿಯ ಚಿಗುರಿಗೆ ನೆಲದಲ್ಲಿ ನಿಂತೇ ಯೂರಿಯಾ ನೀರು ಸಿಂಪಡಿಸಬೇಕು. ಬೆನ್ನ ಮೇಲೆ 16 ಲೀಟರ್ ಹೊತ್ತು ಗುಡ್ಡೆ ಹತ್ತುವ ಕಷ್ಟ ಬೇಡ. ಪೆಟ್ರೋಲ್ ಇಂಜಿನಿನ ಗದ್ದಲವೂ ಬೇಡ. ಆಳು ಸಿಗದ ದಿನವೂ ಕೆಲಸ ನಿಲ್ಲಬಾರದು. ಅದಕ್ಕೇ ದೋಟಿಯ, ಅಂದರೆ ಉದ್ದ ಕೋಲಿನ, ತುದಿಗೆ ನಾಝಲ್ ಕಟ್ಟಿದ ಸ್ಪ್ರೇಯರ್ ಮಾಡಿದೆ.

ಜಾಗ ಉಡುಪಿಯ ಹಿರಿಯಡ್ಕದ ಹತ್ತಿರ. ಕೆಳಗೆ ಮುರಕಲ್ಲು, ಮೇಲೆ ಒಂದೆರಡು ಅಡಿ ಕೆಂಪು ಮಣ್ಣು, ಅದರಲ್ಲಿ ಕಸಿ ಗೇರು. ಹೆಚ್ಚಿನವು ಉಳ್ಳಾಲ-3 ತಳಿ, ಬದಿಯಲ್ಲಿ ಕೆಲವು ವೆಂಗುರ್ಲಾ-4. ಗುಡ್ಡೆಗೆ ನೀರಾವರಿ ಇಲ್ಲ. ಬಾವಿ ಕೆಳಗೆ ಮನೆ ಹತ್ತಿರ ಉಂಟು, ಆದರೆ ಅದರ ನೀರು ಅಡಿಕೆಗೇ ಸಾಕಾಗುವುದಿಲ್ಲ.

ಎಲೆಗೇ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ದೊಡ್ಡ ಗೇರುಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, ತಲಾ 125 ಗ್ರಾಂ ರಂಜಕ ಮತ್ತು ಪೊಟ್ಯಾಷ್ ಕೊಡಿ ಎಂಬುದು ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಶಿಫಾರಸು. ಯೂರಿಯಾದಲ್ಲಿ ಸಾರಜನಕ 46%. ಹಾಗಾಗಿ 500 ಗ್ರಾಂ ಅಂದರೆ ಸುಮಾರು 1.1 ಕಿಲೋ ಯೂರಿಯಾ. ಇದನ್ನು ಬುಡದಿಂದ ಒಂದೂವರೆ ಮೀಟರ್ ದೂರದಲ್ಲಿ ಸುತ್ತ ಕಣಿ ತೆಗೆದು ಹಾಕಿ ಮುಚ್ಚುತ್ತೇವೆ. ಯಾವಾಗ ಹಾಕುವುದು ಎಂಬುದೇ ತಲೆನೋವು. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಜೂನ್, ಜುಲೈಯಲ್ಲಿ ಹಾಕಿದರೆ ಯೂರಿಯಾ ನೇರ ತೋಡಿಗೆ. ಮಳೆ ಪೂರ್ತಿ ಬಿಟ್ಟ ಮೇಲೆ ಹಾಕಿದರೆ ಮಣ್ಣಲ್ಲಿ ಪಸೆ ಇಲ್ಲ, ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಸೆಪ್ಟೆಂಬರ್‌ನ ಆ ಸಣ್ಣ ಸಂದಿಯಲ್ಲಿ ಹಾಕಿ ಮುಗಿಸಬೇಕು.

ಆದರೆ ಮರಕ್ಕೆ ಹಸಿವಾಗುವುದು ಆಮೇಲೆ. ಗೇರು ಚಿಗುರುವುದು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಹೂಗೊಂಚಲು ಬರುವುದು ಆ ಚಿಗುರಿನ ತುದಿಯಲ್ಲೇ. ಚಿಗುರು ಸೊರಗಿದರೆ ಗೊಂಚಲೂ ಸೊರಗುತ್ತದೆ. ಆ ಹೊತ್ತಿಗೆ ನಮ್ಮ ಗುಡ್ಡೆಯ ಮೇಲ್ಮಣ್ಣು ಕಾಲಿಗೆ ಚುಚ್ಚುವಷ್ಟು ಒಣಗಿರುತ್ತದೆ. ಬೇರಿನ ದಾರಿ ಮುಚ್ಚಿದಾಗ ಎಲೆಯ ದಾರಿ ಹಿಡಿಯುವುದು, ಅಷ್ಟೇ ಇದರ ಹಿಂದಿರುವ ಯೋಚನೆ. ಚಿಗುರಿನ ಹಂತದಲ್ಲಿ 3% ಯೂರಿಯಾ ಸಿಂಪಡಿಸುವುದು ಗೇರಿಗೆ ಹೊಸತೇನಲ್ಲ.

ಆದರೆ ಎಲೆಗೆ ಕೊಟ್ಟದ್ದು ಬುಡಕ್ಕೆ ಹಾಕುವುದರ ಬದಲಿಗೆ ಅಲ್ಲ. ಲೆಕ್ಕ ಹಾಕಿ ನೋಡಿ. ಲೀಟರಿಗೆ 30 ಗ್ರಾಂ, ಮರಕ್ಕೆ 5 ಲೀಟರ್. ಒಟ್ಟು 150 ಗ್ರಾಂ ಯೂರಿಯಾ, ಅಂದರೆ 69 ಗ್ರಾಂ ಸಾರಜನಕ. ಬೇಕಾದ 500 ಗ್ರಾಮಿನಲ್ಲಿ ಏಳನೇ ಒಂದು ಪಾಲೂ ಇಲ್ಲ. ಅದರಲ್ಲೂ ನೆಲಕ್ಕೆ ಬೀಳುವುದು, ಗಾಳಿಗೆ ಹೋಗುವುದು ಬೇರೆ. 'ನ್ಯಾನೊ ಯೂರಿಯಾ ತಂದರೆ ಇಷ್ಟೆಲ್ಲ ರಗಳೆ ಇಲ್ಲ ಅಲ್ವಾ' ಎಂದು ಕೇಳಿದವರಿದ್ದಾರೆ. 2021ರಲ್ಲಿ ಮಾರುಕಟ್ಟೆಗೆ ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ಸಾರಜನಕ ಇದ್ದದ್ದು 4%, ಅಂದರೆ 20 ಗ್ರಾಂ. 45 ಕಿಲೋ ಯೂರಿಯಾ ಚೀಲದಲ್ಲಿ 20.7 ಕಿಲೋ. ಬಾಟಲಿಯ ಬಗ್ಗೆ ಬೇಕಾದಷ್ಟು ವಾದ ಮಾಡಬಹುದು, ಆದರೆ ಸಾರಜನಕದ ತೂಕ ಮಾತ್ರ ಇಷ್ಟೇ. ಇನ್ನೂರ ಅರವತ್ತು ಚಿಲ್ಲರೆ ರೂಪಾಯಿಯ ಚೀಲ ಮನೆಯಲ್ಲೇ ಇರುವಾಗ ನನಗೆ ಅದೇ ಸಾಕು.

ಈ ವಿದ್ಯೆಯನ್ನು ನಾನು ಹತ್ತಿರದಿಂದ ಗಮನಿಸಿದ್ದು ಗೇರಿನಲ್ಲಿ ಅಲ್ಲ, ಆಲಿವ್‌ನಲ್ಲಿ. ನೆಂಟರೊಬ್ಬರಿಗೆ ಆಲಿವ್ ಹುಚ್ಚು. ನಮ್ಮ ಗುಡ್ಡೆಯಲ್ಲೂ ನೆಡುವ ಅಂತ ಒಂದೇ ಹಟ. ಗಿಡ ಬದುಕೀತು, ಆದರೆ ಆಲಿವ್ ಹೂ ಬಿಡಲು ಚಳಿಗಾಲದ ಚಳಿ ಬೇಕು. ಉಡುಪಿಯಲ್ಲಿ ಎಲ್ಲಿಂದ ತರುವುದು? ರಾಜಸ್ಥಾನದಲ್ಲಿ ಇಸ್ರೇಲಿನ ನೆರವಿನಿಂದ 2008ರಲ್ಲಿ ನೆಡಲು ಶುರು ಮಾಡಿದರು, ಅಲ್ಲಿ ಚಳಿ ಉಂಟು. ನೆಂಟರ ಹಟದಿಂದ ಆಲಿವ್ ಬಗ್ಗೆ ಓದಿದ್ದು ಮಾತ್ರ ಉಪಕಾರಕ್ಕೆ ಬಂತು. ಸ್ಪೇನ್ ಕಡೆಯೂ ಮಳೆಯಾಶ್ರಿತ ಗುಡ್ಡಗಳೇ ಜಾಸ್ತಿ. ಮಣ್ಣು ಒಣಗಿದಾಗ ಎಲೆಗೆ ಯೂರಿಯಾ ಕೊಡುತ್ತಾರೆ. ಆದರೆ ಕಣ್ಣು ಮುಚ್ಚಿ ಕೊಡುವುದಿಲ್ಲ. ಜುಲೈಯಲ್ಲಿ ಎಲೆ ಕಿತ್ತು ಪರೀಕ್ಷೆಗೆ ಕಳಿಸುತ್ತಾರೆ. ಸಾರಜನಕ 1.5ರಿಂದ 2% ಇದ್ದರೆ ಸಾಕು, ಮತ್ತೆ ಕೊಡುವ ಅಗತ್ಯವಿಲ್ಲ. ಜಾಸ್ತಿಯಾದರೆ ಎಣ್ಣೆಯಲ್ಲಿ ಪಾಲಿಫಿನಾಲ್ ಇಳಿಯುತ್ತದೆ. ಒಳ್ಳೆಯ ಆಲಿವ್ ಎಣ್ಣೆಯ ಆ ಕಹಿ, ಗಂಟಲಿನ ಖಾರ, ಬೇಗ ಕೆಡದ ಗುಣ ಎಲ್ಲ ಅದರಿಂದಲೇ. ಅಂದರೆ ಗೊಬ್ಬರ ಹೆಚ್ಚಾದರೆ ಮರ ಹಸಿರಾಗಿಯೇ ಕಾಣುತ್ತದೆ, ಎಣ್ಣೆ ಮಾತ್ರ ಸಪ್ಪೆ.

ಆಲಿವ್‌ಗೆ ಎಣ್ಣೆ ಹಣ್ಣಿನ ತಿರುಳಲ್ಲಿ, ಗೇರಿಗೆ ಬೀಜದ ಸಿಪ್ಪೆಯಲ್ಲಿ. ತಿನ್ನುವುದಲ್ಲ ಬಿಡಿ, ಕೈಗೆ ತಾಗಿದರೆ ಚರ್ಮ ಸುಟ್ಟು ಹೋಗುತ್ತದೆ. ಕರಾವಳಿಯ ಮರದ ದೋಣಿಗಳಿಗೆ ಹಿಂದಿನಿಂದಲೂ ಬಳಿಯುತ್ತಿದ್ದದ್ದು ಅದೇ ಎಣ್ಣೆ. ಗೇರಿನಲ್ಲಿ ಸಾರಜನಕ ಹೆಚ್ಚಾದರೆ ಆಗುವ ತೊಂದರೆ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಪಂಪು, ಡ್ರಮ್ಮು, ಬೈಪಾಸ್

ಅಡಿಕೆ ತೋಟಕ್ಕೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆಯುವ ದೊಡ್ಡ ಪಂಪ್ ಊರಲ್ಲಿ ಬಾಡಿಗೆಗೆ ಸಿಗುತ್ತದೆ. ಅದರ ಒತ್ತಡ ಗೇರಿನ ಎಳೆ ಚಿಗುರಿಗೆ ಜಾಸ್ತಿ. ಎಲೆ ಹಿಂದುಮುಂದಾಗಿ ಹೊಡೆದುಕೊಳ್ಳುತ್ತದೆ, ಅರ್ಧ ನೀರು ನೆಲಕ್ಕೆ. ನನಗೆ ಬೇಕಾದದ್ದು ಮಂಜಿನ ಹಾಗೆ ಬಿದ್ದು ಎಲೆಯ ಮೇಲೆ ಕೂರುವ ಹನಿ. ಅದಕ್ಕೆ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್‌ನ ಒಳಗಿರುವ 12 ವೋಲ್ಟಿನ ಸಣ್ಣ ಡಯಾಫ್ರಾಮ್ ಪಂಪೇ ಸಾಕು. ಮನೆಯಲ್ಲಿ ಟ್ಯಾಂಕ್ ಬಿರುಕು ಬಿಟ್ಟು ಮೂಲೆಗೆ ಬಿದ್ದಿದ್ದ ಸ್ಪ್ರೇಯರ್ ಒಂದಿತ್ತು. ಅದರಿಂದ ಪಂಪ್ ಬಿಚ್ಚಿದೆ. ಮೇಲೆ ಒತ್ತಡದ ಅಳತೆ 100 ಪಿಎಸ್ಐ ಅಂತ ಬರೆದಿತ್ತು. 10 ಮೀಟರ್ ಎತ್ತರಕ್ಕೆ ಹೋದರೂ ಒತ್ತಡ ಇಳಿಯುವುದು ಸುಮಾರು 14 ಪಿಎಸ್ಐ ಮಾತ್ರ. ಹಾಗಾಗಿ ಎತ್ತರ ಇಲ್ಲಿ ತೊಡಕೇ ಅಲ್ಲ.

ಡ್ರಮ್ಮು 50 ಲೀಟರಿನ ನೀಲಿ ಪ್ಲಾಸ್ಟಿಕ್‌ನದ್ದು. ಅದನ್ನು ಮುರಕಲ್ಲು ಸಾಗಿಸುವ ಒಂಟಿ ಚಕ್ರದ ಕೈಗಾಡಿಯಲ್ಲಿ ಕೂರಿಸಿದೆ. ಗಾಡಿಯ ತೊಟ್ಟಿಗೆ ರಬ್ಬರ್ ಹಾಸಿ, ಸೈಕಲ್ ಟ್ಯೂಬ್ ಸೀಳಿ ಬಿಗಿದಿದ್ದೇನೆ. ಡ್ರಮ್ಮಿಗೆ 40 ಲೀಟರಿಗಿಂತ ಹೆಚ್ಚು ತುಂಬುವುದಿಲ್ಲ, ಏರಿನಲ್ಲಿ ತುಳುಕುತ್ತದೆ. ಪಂಪನ್ನು ಡ್ರಮ್ಮಿನ ತಳಮಟ್ಟದಲ್ಲೇ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದೆ. 12 ಆಂಪಿಯರ್-ಅವರ್ ಬ್ಯಾಟರಿ ಮುಚ್ಚಳ ಇರುವ ಡಬ್ಬಿಯಲ್ಲಿ. ನಡುವೆ ಫ್ಯೂಸ್ ಹಾಕಲೇಬೇಕು. ಪಂಪ್ ಬಿಗಿದು ನಿಂತರೆ ವಯರು ಕಾದು ಪ್ಲಾಸ್ಟಿಕ್ ಕರಗುತ್ತದೆ. ಮೊದಲ ಪೈಪು, ಅಂದರೆ ಗಾಡಿಯಿಂದ ಮರದ ಬುಡದವರೆಗಿನದ್ದು, ಒಳಗೆ ನೂಲಿರುವ 8.5 ಮಿಲಿಮೀಟರಿನ ಸ್ಪ್ರೇ ಪೈಪು, 30 ಮೀಟರ್. ಗಾಡಿಯನ್ನು ಒಂದು ಸಮತಟ್ಟಿನಲ್ಲಿ ನಿಲ್ಲಿಸಿದರೆ ಸುತ್ತಲ ಹಲವು ಮರಗಳಿಗೆ ಸಾಕಾಗುತ್ತದೆ.

ಪಂಪ್ ಚಾಲು ಮಾಡಿದ ಕೂಡಲೇ ಟಕ್, ಟಕ್, ಟಕ್. ಇದು ಈ ಪಂಪುಗಳ ಹಳೇ ಜಾತಕ. ಒತ್ತಡ ತುಂಬಿದರೆ ತನ್ನಿಂದ ತಾನೇ ನಿಲ್ಲುವ ಸ್ವಿಚ್ ಒಳಗಿರುತ್ತದೆ. ಒಂದೇ ಸಣ್ಣ ನಾಝಲ್ ಇದ್ದರೆ ಪಂಪ್ ತಳ್ಳುವಷ್ಟು ನೀರು ಹೊರಗೆ ಹೋಗುವುದಿಲ್ಲ. ಒತ್ತಡ ಏರುತ್ತದೆ, ಸ್ವಿಚ್ ಕಡಿಯುತ್ತದೆ. ಅರೆಕ್ಷಣದಲ್ಲಿ ಇಳಿಯುತ್ತದೆ, ಮತ್ತೆ ಚಾಲು. ಮೇಲೆ ನಾಝಲ್‌ನಲ್ಲಿ ಮಂಜು ಬಿಕ್ಕಳಿಸುತ್ತಾ ಬರುತ್ತದೆ. ಹೀಗೇ ಬಿಟ್ಟರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟು ಹೋಗುವುದು ಖಂಡಿತ.

ಪರಿಹಾರ ಸುಲಭ. ಪಂಪಿನ ಹೊರಬಾಯಿಗೆ ಒಂದು ಟೀ, ಅಂದರೆ ಮೂರು ಬಾಯಿಯ ಪೈಪ್ ಜೋಡಣೆ, ಹಾಕಿದೆ. ಒಂದು ಕವಲು ಮರದ ಕಡೆಗೆ, ಇನ್ನೊಂದು ಸಣ್ಣ ಬಾಲ್ ವಾಲ್ವ್ ಮೂಲಕ ವಾಪಸ್ ಡ್ರಮ್ಮಿಗೆ. ವಾಲ್ವನ್ನು ಕೂದಲೆಳೆಯಷ್ಟು ತೆರೆಯುತ್ತಾ ಹೋದರೆ ಒಂದು ಹಂತದಲ್ಲಿ ಟಕ್ ಟಕ್ ನಿಂತು ಪಂಪಿನ ಸದ್ದು ಒಂದೇ ಸಮ ಆಗುತ್ತದೆ. ಅಲ್ಲಿಗೆ ಪೆನ್ನಿನಲ್ಲಿ ಗೀಟು ಹಾಕಿಡಿ. ವಾಪಸ್ ಬರುವ ನೀರು ಡ್ರಮ್ಮಿನ ತಳಕ್ಕೆ ಬೀಳುವ ಹಾಗೆ ಪೈಪ್ ಇಳಿಬಿಟ್ಟರೆ ದ್ರಾವಣ ಕಲಕುತ್ತಲೂ ಇರುತ್ತದೆ. ಇಡೀ ಜೋಡಣೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಈ ಚಿಲ್ಲರೆ ಬೆಲೆಯ ವಾಲ್ವು.

ದೋಟಿ

ಅಡಿಕೆಗೆ ಈಗ ಎಲ್ಲರ ಮನೆಯಲ್ಲೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಬೇಕಾದಷ್ಟು ಉದ್ದ. ಅದಕ್ಕೇ ಪೈಪ್ ಕಟ್ಟಿದರೆ ಕೆಲಸ ಮುಗಿಯಿತು ಅನಿಸುತ್ತದೆ. ಆದರೆ ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ನೋಡಲು ಪ್ಲಾಸ್ಟಿಕ್ ಹಾಗಿದ್ದರೂ ಈ ವಿಷಯದಲ್ಲಿ ಅದು ಲೋಹದ ಜಾತಿ. ನಮ್ಮ ಗುಡ್ಡೆಯ ತಲೆಯ ಮೇಲೆ ಕರೆಂಟ್ ಲೈನ್ ಹಾದು ಹೋಗಿದೆ. ಅದರ ಜೊತೆ ಒದ್ದೆ ಪೈಪು, ಅದರಲ್ಲಿ ಗೊಬ್ಬರದ ನೀರು. ಬೇಡವೇ ಬೇಡ. ಒಣಗಿದ ಬಿದಿರು ತೆಗೆದುಕೊಂಡೆ, 14 ಅಡಿಯದ್ದು. ಬಿದಿರು ಒದ್ದೆಯಾದರೆ ಅದನ್ನೂ ನಂಬುವ ಹಾಗಿಲ್ಲ. ಹಾಗಾಗಿ ಲೈನ್ ಕೆಳಗಿನ ಮರಗಳನ್ನು ಪಟ್ಟಿಯಿಂದಲೇ ಬಿಟ್ಟೆ. ಅವಕ್ಕೆ ಬುಡದ ಗೊಬ್ಬರ ಮಾತ್ರ.

ಸ್ಪ್ರೇ ಪೈಪನ್ನೇ ಬಿದಿರಿನ ತುದಿಯವರೆಗೆ ಎಳೆದರೆ ತುದಿ ಭಾರವಾಗಿ ಭುಜ ಬಿದ್ದು ಹೋಗುತ್ತದೆ. ಬುಡದಲ್ಲಿ ಕೈಗೆ ಸಿಗುವ ಕಡೆ ಟ್ರಿಗರ್ ವಾಲ್ವ್ ಇಟ್ಟು, ಅಲ್ಲಿಂದ ಮೇಲಕ್ಕೆ ಗಾಳಿ ಕಂಪ್ರೆಸರ್‌ಗೆ ಬಳಸುವ 8 ಮಿಲಿಮೀಟರಿನ ಪಿಯು ಟ್ಯೂಬ್ ಹಾಕಿದೆ. ತೆಳ್ಳಗೆ, ಹಗುರ, ಒತ್ತಡ ತಡೆಯುತ್ತದೆ. ಕೇಬಲ್ ಟೈ ಹಾಕಿ ಗೇಣಿಗೊಂದು ಕಡೆ ಬಿಗಿದರೆ ಆಯಿತು.

ತುದಿಯ ನಾಝಲ್ ಬಗ್ಗೆ ಸ್ವಲ್ಪ ಹೇಳಬೇಕು. ಹಾಲೋ ಕೋನ್ ನಾಝಲ್, ಅಂದರೆ ಮಂಜನ್ನು ಟೊಳ್ಳು ಶಂಕುವಿನ ಆಕಾರದಲ್ಲಿ ಚೆಲ್ಲುವಂಥದ್ದು, ಪ್ಲಾಸ್ಟಿಕ್‌ನದ್ದೇ. ಅಂಗಡಿಯಲ್ಲಿ ಹಿತ್ತಾಳೆಯದ್ದು ಗಟ್ಟಿ ಅಂತ ಕೊಡಲು ನೋಡುತ್ತಾರೆ. ಯೂರಿಯಾಕ್ಕೂ ಹಿತ್ತಾಳೆಗೂ ಆಗಿಬರುವುದಿಲ್ಲ. ಹೊಸ ಡೀಸೆಲ್ ಲಾರಿ, ಬಸ್ಸುಗಳಿಗೆ ಹಾಕುವ ಡಿಇಎಫ್ ಅಂದರೆ 32.5% ಯೂರಿಯಾ ನೀರು. ಅದನ್ನು ತಾಮ್ರ, ಹಿತ್ತಾಳೆ, ಸತು ಬಳಿದ ಕಬ್ಬಿಣ ಯಾವುದಕ್ಕೂ ತಾಗಿಸಬಾರದು ಎಂಬುದೇ ಅದರ ನಿಯಮ. ನಮ್ಮದು 3% ಮಾತ್ರ, ಒಂದೇ ದಿನದಲ್ಲಿ ಏನೂ ಆಗುವುದಿಲ್ಲ. ಆದರೆ ತೊಳೆಯದೆ ಇಟ್ಟರೆ ನೀರು ಆರಿ ಯೂರಿಯಾ ಗಟ್ಟಿಯಾಗಿ ಕೂರುತ್ತದೆ, ಹಿತ್ತಾಳೆಯನ್ನು ತಿಂದು ನಾಝಲ್‌ನ ತೂತು ನಿಧಾನಕ್ಕೆ ಅಗಲವಾಗುತ್ತದೆ. ಆಮೇಲೆ ಮಂಜು ಹೋಗಿ ಹನಿ ಮಳೆ.

ಇನ್ನೊಂದು ರಗಳೆ ಟ್ರಿಗರ್ ಬಿಟ್ಟ ಮೇಲೆ. ವಾಲ್ವ್ ಕೆಳಗಿದೆ, ನಾಝಲ್ ಮೇಲಿದೆ. ನಡುವಿನ 14 ಅಡಿ ಟ್ಯೂಬಿನ ತುಂಬ ನೀರು. ದೋಟಿ ಸ್ವಲ್ಪ ವಾಲಿದರೆ ಸಾಕು, ಮೇಲಿಂದ ತೊಟ್ಟು ತೊಟ್ಟು ಕುತ್ತಿಗೆಗೆ, ಕೆಳಗಿನ ಎಲೆಗೆ. ಒಂದೇ ಎಲೆಗೆ ಹತ್ತಿಪ್ಪತ್ತು ತೊಟ್ಟು ಬಿದ್ದರೆ ಅಲ್ಲಿ ಸುಟ್ಟ ಕಲೆ. ನಾಝಲ್ ಹಿಂದೆ ಕೂರಿಸುವ ಹನಿ ತಡೆ ವಾಲ್ವ್ ಸಿಗುತ್ತದೆ, ಒಳಗೆ ಸ್ಪ್ರಿಂಗ್, ರಬ್ಬರ್ ಬಿಲ್ಲೆ. ತೀರಾ ಮೆದು ಸ್ಪ್ರಿಂಗಿನದ್ದು ಇಲ್ಲಿ ಕೆಲಸಕ್ಕೆ ಬಾರದು. ದೋಟಿ ಬಗ್ಗಿಸಿ ಇಳಿಸುವಾಗ ಟ್ಯೂಬಿನ ನೀರಿನ ಭಾರಕ್ಕೇ ಬಾಯಿ ಬಿಡುತ್ತದೆ. ಸ್ವಲ್ಪ ಬಿಗಿ ಸ್ಪ್ರಿಂಗಿನದ್ದು ಮಂಗಳೂರಿನ ಬಂದರಿನ ಅಂಗಡಿ ಸಾಲಿನಲ್ಲಿ ಸಿಕ್ಕಿತು. ಹನಿ ನಿಂತಿತು. ಆದರೂ ತಲೆಗೆ ಮುಟ್ಟಾಳೆ ಇಡದೆ ನಾನು ದೋಟಿ ಎತ್ತುವುದಿಲ್ಲ.

ಕಲಸುವುದು

ಬಕೆಟ್ಟಿನಲ್ಲಿ 10 ಲೀಟರ್ ಬಾವಿ ನೀರು, ಅದಕ್ಕೆ 1.2 ಕಿಲೋ ಯೂರಿಯಾ. ಇದು 40 ಲೀಟರಿಗೆ ಬೇಕಾದಷ್ಟು. ಕೋಲಿನಿಂದ ತಿರುಗಿಸುತ್ತಿದ್ದ ಹಾಗೆ ಬಕೆಟ್ ತಣ್ಣಗಾಗುತ್ತದೆ. ಯೂರಿಯಾ ಕರಗುವಾಗ ನೀರಿನ ಬಿಸಿಯನ್ನೇ ಹೀರುತ್ತದೆ. ನಮ್ಮ ಸೆಖೆಯಲ್ಲಿ ಬಕೆಟ್ಟಿನ ಹೊರಮೈ ಬೆವರುವುದು ಕಾಣುತ್ತದೆ. ತಣ್ಣಗಾದಷ್ಟೂ ಉಳಿದದ್ದು ಕರಗುವುದು ನಿಧಾನ. ಒಂದು ಚೊಂಬು ಬಿಸಿನೀರು ಸೇರಿಸಿದರೆ ಬೇಗ ಆಗುತ್ತದೆ.

ಮೇಲೆ ಕಂದು ಬಣ್ಣದ ಜಿಡ್ಡು ತೇಲುತ್ತದೆ, ಬೇವಿನ ವಾಸನೆ. 2015ರಿಂದ ನಮ್ಮಲ್ಲಿ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಕಡ್ಡಾಯ. ಮಣ್ಣಲ್ಲಿ ಯೂರಿಯಾದ ಸಾರಜನಕ ಬೇಗ ಸೋರಿಹೋಗದಿರಲಿ ಅಂತ ಹಾಗೆ ಮಾಡಿದ್ದು. ಮಣ್ಣಿಗೆ ಒಳ್ಳೆಯದೇ. ನಮ್ಮ ನಾಝಲ್‌ಗೆ ಮಾತ್ರ ಅದು ಶತ್ರು. ಹತ್ತಿಯ ಹಳೇ ಪಂಚೆಯನ್ನು ಎರಡು ಮಡಿಕೆ ಮಾಡಿ ಡ್ರಮ್ಮಿನ ಬಾಯಿಗೆ ಕಟ್ಟಿ ಸೋಸಬೇಕು. ಪಂಚೆಯ ಮೇಲೆ ಉಳಿಯುವ ಜಿಡ್ಡು ನೋಡಿದರೆ ಸೋಸದೆ ಹೊಡೆಯುವ ಧೈರ್ಯ ಯಾರಿಗೂ ಬರದು. ಪಂಪಿನ ಹೀರುಬಾಯಿಗೂ ಜಾಲರಿ ಫಿಲ್ಟರ್ ಇದೆ. ಅದನ್ನೂ ಪ್ರತಿ ಡ್ರಮ್ಮಿಗೆ ಬಿಚ್ಚಿ ತೊಳೆಯುತ್ತೇನೆ.

ಯೂರಿಯಾದಲ್ಲಿ ಬಯುರೆಟ್ ಎಂಬ ಇನ್ನೊಂದು ವಸ್ತು ಸ್ವಲ್ಪ ಇರುತ್ತದೆ. ತಯಾರಿಸುವಾಗ ಬಿಸಿಗೆ ಹುಟ್ಟುವಂಥದ್ದು. ನಮ್ಮ ದೇಶದ ಗೊಬ್ಬರ ನಿಯಮದಲ್ಲಿ ಅದಕ್ಕೆ 1.5% ಮಿತಿ. ಮಣ್ಣಿಗೆ ಹಾಕುವಾಗ ಅದರ ಚಿಂತೆ ಇಲ್ಲ. ಎಲೆಗೆ ಹೊಡೆಯುವಾಗ ಅಂಚು ಹಳದಿಯಾಗಲು ಅದೂ ಒಂದು ಕಾರಣ. ಲಿಂಬೆ, ಕಿತ್ತಳೆ ಜಾತಿಯವು ಇದಕ್ಕೆ ಬಹಳ ನಾಜೂಕು. ಅದಕ್ಕೇ 3% ದಾಟುವುದಿಲ್ಲ, ಮನೆಯ ಲಿಂಬೆಗಿಡಕ್ಕೆ ಉಳಿದ ನೀರನ್ನು ಸುಮ್ನೆ ಹೊಡೆಯುವುದೂ ಇಲ್ಲ.

ಗೇರೆಲೆ ದಪ್ಪ, ಮೇಲ್ಮೈ ಮೇಣ. ಬರಿಯ ಯೂರಿಯಾ ನೀರು ಬಿದ್ದರೆ ಮುತ್ತಿನ ಹಾಗೆ ಉರುಳಿ ಕೆಳಗಿನ ಅಂಚಿಗೆ ಬಂದು ನೇತಾಡುತ್ತದೆ. ಅಲ್ಲೇ ಆರುತ್ತದೆ, ಅಲ್ಲೇ ಸುಡುತ್ತದೆ. ಹಾಗಾಗಿ ಅಂಟು ದ್ರಾವಣ ಬೇಕು, ಲೀಟರಿಗೆ ಅರ್ಧ ಮಿಲಿಲೀಟರ್ ಸಾಕು. ಹಾಕಿದ ಮೇಲೆ ಅದೇ ಹನಿ ಚಪ್ಪಟೆಯಾಗಿ ಹರಡಿ, ಎಲೆಯ ನರದುದ್ದಕ್ಕೂ ತೆಳುವಾಗಿ ಕೂರುತ್ತದೆ. ಒಂದು ಎಲೆ ಕಿತ್ತು ಎರಡೂ ನೀರಿನಲ್ಲಿ ಬೇರೆ ಬೇರೆ ಅದ್ದಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಹಟ್ಟಿಯಲ್ಲಿ ದನ ಇದ್ದವರು ಇದನ್ನು ಮನಸ್ಸಿನಲ್ಲಿಡಬೇಕು. ಯೂರಿಯಾ ನೀರು ದನಕ್ಕೆ ವಿಷ. ಹೊಟ್ಟೆಯ ಒಳಗೆ ಅದು ಅಮೋನಿಯಾ ಆಗಿ ರಕ್ತ ಸೇರುತ್ತದೆ, ಸ್ವಲ್ಪ ಹೊತ್ತಿನಲ್ಲೇ ಪ್ರಾಣಕ್ಕೆ ಬರಬಹುದು. ಉಪ್ಪುಪ್ಪು ರುಚಿಗೆ ದನ ಬಕೆಟ್ ನೆಕ್ಕಲು ಬರುತ್ತದೆ. ಕಲಸುವುದು, ತೊಳೆಯುವುದು ಎಲ್ಲ ಗುಡ್ಡೆಯಲ್ಲೇ. ಆ ಬಕೆಟ್ಟಿಗೆ ಕೆಂಪು ಬಣ್ಣ ಬಳಿದು ಬೇರೆಯೇ ಇಟ್ಟಿದ್ದೇನೆ.

ನವೆಂಬರ್ ಸಂಜೆಗಳು

ಹೊಡೆಯುವ ಹೊತ್ತು ಯಾವುದು ಎಂಬುದು ನೀರಿನ ಅಳತೆಗಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಬೆಳಿಗ್ಗೆ ಎಲೆ ಇಬ್ಬನಿಯಲ್ಲಿ ತೊಯ್ದಿರುತ್ತದೆ, ಹೊಡೆದದ್ದು ತೆಳುವಾಗಿ ಜಾರಿ ಹೋಗುತ್ತದೆ. ಮಧ್ಯಾಹ್ನದಿಂದ ಪಡುಗಾಳಿ. ಮಂಜು ಮರಕ್ಕಲ್ಲ, ಪಕ್ಕದ ಮನೆಯ ಅಂಗಳಕ್ಕೆ. ಸಂಜೆ ಗಾಳಿ ಬಿದ್ದ ಮೇಲೆ, ಕತ್ತಲಾಗುವ ಮೊದಲು ಸಿಗುವ ಹೊತ್ತೇ ಸರಿ.

ನಮ್ಮ ಕರಾವಳಿಯ ತೇವ ಇಲ್ಲಿ ಉಪಕಾರಿ. ಗಾಳಿಯ ತೇವಾಂಶ ಸುಮಾರು 73% ದಾಟಿದರೆ ಯೂರಿಯಾ ಗಾಳಿಯಿಂದಲೇ ನೀರು ಎಳೆದು ಕರಗುತ್ತದೆ. ಬಾಯಿ ತೆರೆದಿಟ್ಟ ಚೀಲ ಜೂನ್‌ನಲ್ಲಿ ಪಿಚಪಿಚ ಆಗುವುದು ಇದೇ ಕಾರಣಕ್ಕೆ. ಎಲೆಯ ಮೇಲೆ ಅದೇ ಗುಣ ಲಾಭ. ಸಂಜೆ ಹೊಡೆದದ್ದು ರಾತ್ರಿಯಿಡೀ ಒಣಗದೆ ಉಳಿಯುತ್ತದೆ, ಎಲೆಗೆ ಹೀರಲು ಸಮಯ ಸಿಗುತ್ತದೆ. ಯೂರಿಯಾದ ಅಣು ಸಣ್ಣದು, ಅದಕ್ಕೆ ವಿದ್ಯುತ್ ಆವೇಶವೂ ಇಲ್ಲ. ಹಾಗಾಗಿ ಎಲೆಯ ಮೇಣದ ಪದರ ದಾಟುವುದು ಬೇರೆ ಗೊಬ್ಬರಗಳಿಗಿಂತ ಸುಲಭ. ಒಳಗೆ ಹೋದ ಮೇಲೆ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ, ಗಿಡ ಅದರಿಂದ ತನಗೆ ಬೇಕಾದದ್ದು ಕಟ್ಟಿಕೊಳ್ಳುತ್ತದೆ. ಎಲೆಯ ಕೆಳಮೈಗೂ ತಾಗಬೇಕು. ದೋಟಿ ಇರುವುದರಿಂದ ಕೊಂಬೆಯ ಒಳಗೆ ತೂರಿಸಿ ಕೆಳಗಿನಿಂದ ಮೇಲಕ್ಕೆ ಹೊಡೆಯಲು ಆಗುತ್ತದೆ. ಬೆನ್ನಿನ ಸ್ಪ್ರೇಯರ್‌ನಲ್ಲಿ ಇದು ಆಗದ ಮಾತು.

ಚಿಗುರು ಯಾವ ಹದದಲ್ಲಿರಬೇಕು? ಗೇರಿನ ಎಳೆ ಎಲೆ ಮೊದಲು ತಾಮ್ರದ ಕೆಂಪು, ಮುಟ್ಟಿದರೆ ಬಟ್ಟೆಯ ಹಾಗೆ ಜೋಲುತ್ತದೆ. ಆಗ ಬೇಡ. ಕೆಂಪು ಹೋಗಿ ತಿಳಿಹಸಿರು ತಿರುಗಿದಾಗ, ಮಡಚಿದರೆ ಇನ್ನೂ ಮುರಿಯದೆ ಬಾಗುವಾಗ ಹೊಡೆಯಬೇಕು. ಹೂಗೊಂಚಲು ಬಿರಿಯುವ ಮೊದಲೇ ಮುಗಿಸಬೇಕು. ಹೂ ಬಿಟ್ಟ ಮೇಲೆ ಮರ ಜೇನಿನದ್ದು, ನೊಣದ್ದು, ಇರುವೆಯದ್ದು.

ಇರುವೆ ಅಂದಾಗ ನೆನಪಾಯಿತು. ನಮ್ಮ ಮರಗಳಲ್ಲಿ ಚಗಳಿ ಗೂಡು ಧಾರಾಳ. ದೋಟಿ ತಾಗಿದರೆ ಬಿದಿರಿನ ಉದ್ದಕ್ಕೂ ಸಾಲುಗಟ್ಟಿ ಇಳಿದು ಬರುತ್ತವೆ. ಕೈ ಬಿಟ್ಟು ಓಡುವುದೊಂದೇ ದಾರಿ. ಹಿಡಿಯುವ ಜಾಗಕ್ಕಿಂತ ಮೇಲೆ ಬೂದಿ ತುಂಬಿದ ಬಟ್ಟೆ ಸುತ್ತಿದರೆ ಸ್ವಲ್ಪ ತಡೆಯುತ್ತವೆ. ಗೂಡಿಗೆ ಮಾತ್ರ ನಾನು ತೊಂದರೆ ಮಾಡುವುದಿಲ್ಲ, ಯಾಕೆಂದರೆ ಟೀ ಸೊಳ್ಳೆಯನ್ನು (ಹೆಸರಿಗೆ ಸೊಳ್ಳೆ, ನಿಜಕ್ಕೆ ತಿಗಣೆ ಜಾತಿಯ ಕೀಟ) ಹಿಡಿದು ತಿನ್ನುವುದು ಈ ಚಗಳಿಯೇ. ಟೀ ಸೊಳ್ಳೆ ಎಳೆ ಚಿಗುರು, ಹೂಗೊಂಚಲು, ಎಳೆ ಬೀಜ ಎಲ್ಲದರ ರಸ ಹೀರುತ್ತದೆ. ಚುಚ್ಚಿದಲ್ಲಿ ಕಪ್ಪು ಗಾಯ, ಆಮೇಲೆ ಗೊಂಚಲೇ ಒಣಗುತ್ತದೆ. ಸಾರಜನಕ ಹೆಚ್ಚಾದರೆ ಗೇರಿಗೆ ಆಗುವ ತೊಂದರೆ ಇದೇ. ಚಿಗುರು ಮೆತ್ತಗೆ, ರಸಭರಿತವಾಗಿ, ಎಡೆಬಿಡದೆ ಬರುತ್ತಾ ಹೋದರೆ ಟೀ ಸೊಳ್ಳೆಗೆ ಎಲೆ ಹಾಕಿ ಊಟ ಬಡಿಸಿದ ಹಾಗೆ. ಕಡು ಹಸಿರಿನ, ಗಟ್ಟಿ ಎಲೆಯ ಮರಗಳಿಗೆ ನಾನು ಯೂರಿಯಾ ಹೊಡೆಯಲೇ ಇಲ್ಲ.

ಸ್ಪ್ರೇ ಶುರು ಮಾಡಿದ ಸಂಜೆ ನೆರೆಮನೆಯ ಹಿರಿಯರು ಬೇಲಿ ಹತ್ತಿರ ಬಂದು, 'ಎಂತ ಹೊಡೆಯುವುದು ಮಾರಾಯ, ಗೇರಿಗೆ?' ಅಂತ ಕೇಳಿದರು. ದನಿಯಲ್ಲಿ ಬರಿಯ ಕುತೂಹಲ ಇರಲಿಲ್ಲ. ಕರಾವಳಿಯಲ್ಲಿ ಗೇರುಮರಕ್ಕೆ ಸ್ಪ್ರೇ ಅಂದರೆ ಜನರಿಗೆ ನೆನಪಾಗುವುದೇ ಬೇರೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಗೇರು ನೆಡುತೋಪುಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು, ಆಮೇಲೆ ಹುಟ್ಟಿದ ಮಕ್ಕಳ ಸ್ಥಿತಿ, ಇಂದಿಗೂ ಹಾಸಿಗೆಯಲ್ಲೇ ಇರುವವರು. ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನನ್ನೇ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಇಂಥ ಪ್ರಶ್ನೆಗೆ ಸಿಡುಕುವ ಹಾಗಿಲ್ಲ. ಚೀಲವನ್ನೇ ತಂದು ತೋರಿಸಿದೆ, ಬಕೆಟ್ಟಿನ ವಾಸನೆ ನೋಡಿದರು, 'ಗದ್ದೆಗೆ ಹಾಕುವುದೇ ಅಲ್ವಾ' ಎಂದು ಹೋದರು. ಆಮೇಲೆ ನಾನು ಹೊಡೆಯುವ ದಿನ ಅಕ್ಕಪಕ್ಕದ ಮನೆಗೆ ಮೊದಲೇ ಹೇಳಿಬಿಡುತ್ತೇನೆ. ಅದೇ ಡ್ರಮ್ಮಿನಲ್ಲಿ ಕೀಟನಾಶಕ ಕಲಸುವುದೂ ಇಲ್ಲ.

ಕೊಯ್ಲಿನಲ್ಲಿ ಕಂಡದ್ದು

ಹೋಲಿಕೆಗೆ ಅಂತ ಕೆಲವು ಮರಗಳನ್ನು ಬೇಕಂತಲೇ ಬಿಟ್ಟಿದ್ದೆ. ಅದೇ ತಳಿ, ಅದೇ ವಯಸ್ಸು, ಅದೇ ಇಳಿಜಾರು, ಬುಡಕ್ಕೆ ಅದೇ ಗೊಬ್ಬರ. ಸ್ಪ್ರೇ ಮಾತ್ರ ಇಲ್ಲ. ಕೊಂಬೆಗೆ ಬಟ್ಟೆ ಕಟ್ಟಿ ಗುರುತು ಮಾಡಿದ್ದೆ.

ಎಲೆಯ ಬಣ್ಣದಲ್ಲಿ ಬದಲಾವಣೆ ಬೇಗ ಕಂಡಿತು. ತಿಳಿಹಸಿರು ತುಂಬಿ ಬಂತು, ಚಿಗುರೆಲೆ ಅಗಲವಾಯಿತು. 5% ಹೊಡೆದು ನೋಡಿದ ಒಂದು ಪರೀಕ್ಷೆಯ ಕೊಂಬೆಯಲ್ಲಿ ಮಾತ್ರ ಅಂಚೆಲ್ಲ ಕಂದು. 3%ದಲ್ಲಿ ಹಾಗೆ ಆಗಲಿಲ್ಲ. ಗೊಂಚಲು ಬಿಟ್ಟ ಚಿಗುರುಗಳು ಸ್ಪ್ರೇ ಕಂಡ ವೆಂಗುರ್ಲಾ ಮರಗಳಲ್ಲಿ ಜಾಸ್ತಿ ಇದ್ದವು. ಇದು ಕಣ್ಣಿಗೇ ಕಾಣುವಷ್ಟಿತ್ತು. ಉಳ್ಳಾಲ-3ರಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಅದು ಬೇಗ ಚಿಗುರಿ ಬೇಗ ಹೂ ಬಿಡುವ ತಳಿ. ನಾನು ದೋಟಿ ಎತ್ತುವ ಹೊತ್ತಿಗೆ ಮಣ್ಣಲ್ಲಿ ಇನ್ನೂ ಪಸೆ ಇತ್ತು, ಬೇರು ಕೆಲಸ ಮಾಡುತ್ತಿತ್ತು. ಅಂದರೆ ಬಾರದ ಹಸಿವಿಗೆ ಊಟ. ವೆಂಗುರ್ಲಾ ತಡವಾಗಿ ಚಿಗುರಿತು, ಅಷ್ಟರಲ್ಲಿ ನೆಲ ಒಣಗಿತ್ತು. ಎಲೆಗೆ ಕೊಟ್ಟದ್ದು ಅಲ್ಲಿ ಉಪಯೋಗಕ್ಕೆ ಬಂತು.

ಬೀಜದ ಗಾತ್ರ? ವ್ಯಾಪಾರಿ ನೋಡುವುದು ಕಿಲೋಗೆ ಎಷ್ಟು ಬೀಜ ನಿಲ್ಲುತ್ತದೆ ಅಂತ. 7 ಗ್ರಾಂ ತೂಗುವ ಬೀಜ ಆದರೆ ಕಿಲೋಗೆ 140ರ ಆಸುಪಾಸು. ಎರಡೂ ಕಡೆಯ ಬೀಜ ಬೇರೆ ಬೇರೆ ಒಣಗಿಸಿ ತೂಗಿದೆ. ಹೇಳಿಕೊಳ್ಳುವಂಥ ಅಂತರ ಇಲ್ಲ. ಬೀಜದ ಗಾತ್ರ ತಳಿಯ ಗುಣ, ಯೂರಿಯಾ ಅದನ್ನು ಹಿಗ್ಗಿಸುವುದಿಲ್ಲ. ಲಾಭ ಆದದ್ದಿದ್ದರೆ ಗೊಂಚಲಿನ ಲೆಕ್ಕದಲ್ಲಿ ಮಾತ್ರ. ಅದೂ ಒಂದೇ ವರ್ಷದ ಮಾತು. ಡಿಸೆಂಬರ್‌ನಲ್ಲಿ ಮೋಡ ಮುಸುಕಿದರೆ ಟೀ ಸೊಳ್ಳೆ ಏರುತ್ತದೆ, ಆಗ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಯಂತ್ರದ ಮಟ್ಟಿಗೆ ಈಗ ಬದಲಿಸುತ್ತಿರುವುದು ಎರಡು ವಿಷಯ. ಕೈಗಾಡಿಯ ಒಂಟಿ ಚಕ್ರ ತೆಗೆದು ಎರಡು ಸೈಕಲ್ ಚಕ್ರ ಹಾಕಿಸಬೇಕು, ಓರೆ ನೆಲದಲ್ಲಿ 40 ಕಿಲೋ ನೀರು ಒಂದು ಬದಿಗೆ ಎಳೆಯುತ್ತದೆ. ಮತ್ತೆ ದೋಟಿಯ ತುದಿಯ ಒಂದು ಅಡಿ ಓರೆಯಾಗಿ ಬಾಗುವ ಹಾಗೆ ಮೊಣಕೈ ಜೋಡಿಸಬೇಕು, ನೆತ್ತಿಯ ಮೇಲಿನಿಂದಲೂ ಹೊಡೆಯಲು ಆಗುತ್ತದೆ. ಪಂಪನ್ನು ಸಾದಾ ನೀರಿನಲ್ಲಿ ಚೆನ್ನಾಗಿ ಓಡಿಸಿ, ನೀರು ಖಾಲಿ ಮಾಡಿ ಅಟ್ಟಕ್ಕೆ ಹಾಕಿದ್ದೇನೆ. ಬ್ಯಾಟರಿಯನ್ನು ಮಾತ್ರ ಮಳೆಗಾಲದಲ್ಲೂ ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು, ಇಲ್ಲದಿದ್ದರೆ ಅಕ್ಟೋಬರ್‌ಗೆ ಸತ್ತಿರುತ್ತದೆ. ಬರುವ ಸಲ ಉಳ್ಳಾಲ-3ಕ್ಕೆ ಬುಡದ ಗೊಬ್ಬರ ಮಾತ್ರ, ದೋಟಿ ವೆಂಗುರ್ಲಾ ಸಾಲಿಗೆ.